ಮೂರು ಕಾದಂಬರಿ, ಒಂದು ‘ನಾಗರಹಾವು’: ಸರಣಿ ಆಧರಿಸಿದ ಸಿನಿಮಾಗೆ ನ್ಯಾಯವಾದ ರಿವ್ಯೂ ಬರೆಯೋದು ಹೇಗೆ?

*‘ಪುಸ್ತಕದಷ್ಟು ಚೆನ್ನಾಗಿಲ್ಲ’ ಅನ್ನೋದು ವಿಮರ್ಶೆ ಅಲ್ಲ. ‘ಪುಸ್ತಕ ಯಾರಿಗೆ ಬೇಕು ಗುರೂ, ಸಿನಿಮಾ ಸೂಪರ್’ ಅನ್ನೋದೂ ಅಲ್ಲ. ಹಾಗಾದರೆ ನಡುವೆ ಏನಿದೆ? ಐವತ್ತು ವರ್ಷ ದಾಟಿದ ಒಂದು ಕನ್ನಡ ಸಿನಿಮಾವನ್ನು ಮುಂದಿಟ್ಟುಕೊಂಡು ನೋಡೋಣ.*

ಒಂದು ಜನಪ್ರಿಯ ಕಾದಂಬರಿ ಸರಣಿಯೋ ವೆಬ್ ಸೀರೀಸೋ ಸಿನಿಮಾ ಆಗಿ ಬಂತು ಅಂದ್ರೆ ಮೊದಲ ಶೋ ಮುಗಿಯೋ ಮುಂಚೆನೇ ಎರಡು ಪಾಳೆಯ ರೆಡಿ ಇರುತ್ತೆ. ಒಂದು ಕಡೆ ಮೂಲವನ್ನು ಅರೆದು ಕುಡಿದವರು. ಯಾವ ಪಾತ್ರ ಬಿಟ್ಟರು, ಯಾವ ದೃಶ್ಯ ತಿರುಚಿದರು ಅಂತ ಪಟ್ಟಿ ಹಿಡಿದು ಕೂತಿರುತ್ತಾರೆ. ಇನ್ನೊಂದು ಕಡೆ ಹೀರೋ ಅಭಿಮಾನಿಗಳು. ಅವರಿಗೆ ಮೂಲ ಗೀಲ ಏನೂ ಬೇಡ, ಹತ್ತಕ್ಕೆ ಹತ್ತು ರೇಟಿಂಗ್ ಬಿದ್ದರೆ ಸಾಕು. ಟಿಕೆಟ್‌ಗೆ ದುಡ್ಡು ಕೊಟ್ಟು ಬಂದ ಸಾಮಾನ್ಯ ಪ್ರೇಕ್ಷಕ ಈ ಇಬ್ಬರ ನಡುವೆ ಸಿಕ್ಕಿಕೊಂಡು, ಸಿನಿಮಾ ನೋಡಬೇಕೋ ಬೇಡವೋ ಅನ್ನೋದೇ ತಿಳಿಯದೆ ಫೋನ್ ಕೆಳಗಿಡುತ್ತಾನೆ.

ಸರಣಿಯಿಂದ ಹುಟ್ಟಿದ ಸಿನಿಮಾಗೆ ರಿವ್ಯೂ ಬರೆಯೋದು ಮಾಮೂಲಿ ರಿವ್ಯೂಗಿಂತ ಕಷ್ಟ. ಒಂದೇ ಕಾದಂಬರಿ ಆದರೆ ಒಂದು ಕಥೆಗೆ ಒಂದು ಸಿನಿಮಾ ಅಂತ ಹೋಲಿಸಬಹುದು. ಮೂರೋ ಐದೋ ಭಾಗಗಳನ್ನು ಮೂರು ಗಂಟೆಗೆ ಇಳಿಸಿದಾಗ ಬಿಡುವುದು, ಸೇರಿಸುವುದು, ಹೊಲಿಯುವುದು ಎಲ್ಲವೂ ನಡೆಯುತ್ತೆ. ಅದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಪುಟ್ಟಣ್ಣ ಕಣಗಾಲ್ ನಿರ್ದೇಶನದ, 1972ರ ‘ನಾಗರಹಾವು’.

ಮೊದಲು ಮೂಲ ಯಾವುದು ಅಂತ ಗೊತ್ತಿರಲಿ

‘ನಾಗರಹಾವು’ ಹೆಸರಲ್ಲಿ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಸಿನಿಮಾ ಇವೆ. 2002ರಲ್ಲಿ ಉಪೇಂದ್ರ ಅಭಿನಯದ್ದು ಬಂತು, ಅದು ಹಿಂದಿಯ ‘ಬಾಜಿಗರ್’ ರೀಮೇಕ್. 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ್ದು ಬಂತು, ಅದರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ಮತ್ತೆ ತೋರಿಸಿದ್ದರು. ಈ ಎರಡಕ್ಕೂ ತ.ರಾ.ಸು. ಅವರ ಕಥೆಗೂ ಸಂಬಂಧ ಇಲ್ಲ, ಇರೋದು ಹೆಸರು ಮಾತ್ರ.

1972ರದ್ದು ತ.ರಾ. ಸುಬ್ಬರಾಯರ ಒಂದು ಕಾದಂಬರಿಯಿಂದ ಬಂದದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ಹಿಂದೆ ಮೂರು ಕಾದಂಬರಿ ಇವೆ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’. ಈ ಮಾಹಿತಿ ಗೊತ್ತಿಲ್ಲದೆ ‘ಸಿನಿಮಾದ ಎರಡನೇ ಅರ್ಧ ಕಾದಂಬರಿಯಲ್ಲಿ ಇಲ್ವಲ್ಲ’ ಅಂತ ಬರೆದರೆ ಇಡೀ ರಿವ್ಯೂ ಅಲ್ಲೇ ಬಿದ್ದುಹೋಗುತ್ತೆ. ಹಾಗಾಗಿ ಮೊದಲ ಕೆಲಸ ಸಿಂಪಲ್. ಟೈಟಲ್ ಕಾರ್ಡ್ ಸರಿಯಾಗಿ ಓದಿ. ಮೂಲ ಎಷ್ಟು ಭಾಗ, ಸಿನಿಮಾ ಅದರಲ್ಲಿ ಎಷ್ಟನ್ನು ತೆಗೆದುಕೊಂಡಿದೆ ಅಂತ ಎರಡು ಸಾಲಲ್ಲಿ ಓದುಗರಿಗೆ ಹೇಳಿ.

ನಮ್ಮ ಸಂತೇಬೆನ್ನೂರು ಕಡೆಯವರಿಗೆ ತ.ರಾ.ಸು. ದೂರದವರೇನಲ್ಲ. 1920ರಲ್ಲಿ ಅವರು ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ರಾಮಾಚಾರಿ ಓಡಾಡುವ ಚಿತ್ರದುರ್ಗದ ಬಂಡೆಗಳು ಇತ್ತ ಕಡೆ. ಇವತ್ತಿಗೂ ಮಾತು ಕೇಳದ, ಮೂಗಿನ ತುದಿಯಲ್ಲೇ ಕೋಪ ಇರೋ ಹುಡುಗನಿಗೆ ‘ಏನೋ ರಾಮಾಚಾರಿ’ ಅಂತಾರೆ. ಒಳ್ಳೆ ಮೇಷ್ಟ್ರು ಸಿಕ್ಕರೆ ‘ಚಾಮಯ್ಯ ಮೇಷ್ಟ್ರು’ ಅಂತಾರೆ. ಈ ಎರಡನೇ ಮಾತಿಗೆ ಆಮೇಲೆ ಬರೋಣ, ಅಲ್ಲಿ ಒಂದು ಸಮಸ್ಯೆ ಇದೆ.

ಲೇಖಕರ ತೀರ್ಪೇ ಕೊನೆಯ ತೀರ್ಪಾ?

ಸಿನಿಮಾ ನೋಡಿದ ತ.ರಾ.ಸು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂತ ಬೇಸರಪಟ್ಟಿದ್ದರು ಅನ್ನೋ ಮಾತು ಕನ್ನಡ ಸಿನಿಮಾ ವಲಯದಲ್ಲಿ ಇಂದಿಗೂ ಓಡಾಡುತ್ತೆ. ಆದರೆ ಜನ ಆ ಸಿನಿಮಾವನ್ನು ತಲೆ ಮೇಲೆ ಹೊತ್ತು ಕುಣಿದರು. ವಿಷ್ಣುವರ್ಧನ್ ನಾಯಕರಾದದ್ದು ಅದರಿಂದ. ಅಂಬರೀಶ್ ಮೊದಲ ಸಲ ತೆರೆಗೆ ಬಂದದ್ದೂ ಅದರಲ್ಲೇ. ಹಾಗಾದರೆ ಯಾರ ಮಾತು ಸರಿ?

ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ, ಅಷ್ಟೇ. ತಾನು ಕಟ್ಟಿದ ಮನುಷ್ಯ ತೆರೆಯ ಮೇಲೆ ಇದ್ದಾನಾ ಅನ್ನೋದು ಲೇಖಕನ ಪ್ರಶ್ನೆ. ತೆರೆಯ ಮೇಲೆ ಇರೋ ಮನುಷ್ಯನನ್ನು ನಾನು ನಂಬಬಹುದಾ ಅನ್ನೋದು ಪ್ರೇಕ್ಷಕನ ಪ್ರಶ್ನೆ. ಒಂದಕ್ಕೆ ‘ಇಲ್ಲ’, ಇನ್ನೊಂದಕ್ಕೆ ‘ಹೌದು’ ಅನ್ನೋ ಉತ್ತರ ಬರಬಹುದು. ವಿಮರ್ಶಕ ಈ ಎರಡನ್ನೂ ಕಲಸಿ ಒಂದೇ ಸ್ಟಾರ್ ರೇಟಿಂಗ್‌ಗೆ ಹಾಕಿದಾಗ ಅನ್ಯಾಯ ಶುರುವಾಗುತ್ತೆ.

ಮೂಲಕ್ಕೆ ನಿಷ್ಠೆ ಇದ್ದರೆ ಸಿನಿಮಾ ಗೆಲ್ಲುತ್ತೆ ಅಂತಲೂ ಇಲ್ಲ. ಪುಟ್ಟಣ್ಣ ಇದೇ ಕಥೆಯನ್ನು 1974ರಲ್ಲಿ ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಅಂತ ತೆಗೆದರು. ನಿರ್ದೇಶಕ ಅವರೇ, ಕಥೆ ಅದೇ, ರಾಮಾಚಾರಿಯ ಜಾಗದಲ್ಲಿ ಆಗಷ್ಟೇ ‘ಬಾಬ್ಬಿ’ಯಿಂದ ಮನೆಮಾತಾಗಿದ್ದ ರಿಷಿ ಕಪೂರ್. ಅದು ಕನ್ನಡದ ಹಾಗೆ ಓಡಲಿಲ್ಲ. ನಿಷ್ಠೆಯೇ ಅಳತೆಗೋಲು ಆಗಿದ್ದರೆ ಎರಡಕ್ಕೂ ಒಂದೇ ಫಲ ಸಿಗಬೇಕಿತ್ತಲ್ಲ?

ಇನ್ನೊಂದು ವಿಷಯ. ಲೇಖಕ-ನಿರ್ದೇಶಕರ ಜಗಳವನ್ನು ಶಾಶ್ವತ ದ್ವೇಷ ಅಂತ ಬಿಂಬಿಸೋದು ನಮಗೆ ಇಷ್ಟ, ಕ್ಲಿಕ್ ಬರುತ್ತೆ. ಆದರೆ ಪುಟ್ಟಣ್ಣ ಕೊನೆಗೆ ಕೈಗೆತ್ತಿಕೊಂಡ ‘ಮಸಣದ ಹೂವು’ ಕೂಡ ತ.ರಾ.ಸು. ಅವರ ಕಾದಂಬರಿಯೇ. 1985ರಲ್ಲಿ ಪುಟ್ಟಣ್ಣ ತೀರಿಕೊಂಡಾಗ ಅದು ಮುಗಿದಿರಲಿಲ್ಲ, ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು.

ಬಂಗಾಳದ ಉದಾಹರಣೆ ನೋಡಿ, ಅಲ್ಲಿ ಲೆಕ್ಕ ಉಲ್ಟಾ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಮತ್ತು ‘ಅಪರಾಜಿತೊ’ ಎರಡು ಕಾದಂಬರಿ. ಸತ್ಯಜಿತ್ ರಾಯ್ ಅದರಿಂದ 1955, 1956, 1959ರಲ್ಲಿ ಮೂರು ಸಿನಿಮಾ ಮಾಡಿದರು. ಲೇಖಕರು 1950ರಲ್ಲೇ ತೀರಿಕೊಂಡಿದ್ದರು. ಅವರಿಗೆ ಇಷ್ಟ ಆಗುತ್ತಿತ್ತೋ ಇಲ್ಲವೋ ಅಂತ ಕೇಳೋಕೆ ದಾರಿಯೇ ಇರಲಿಲ್ಲ. ಆದರೂ ಆ ಸಿನಿಮಾಗಳ ಬಗ್ಗೆ ಜಗತ್ತು ಮಾತಾಡಿತು, ತೂಗಿ ನೋಡಿತು. ಲೇಖಕರ ಸರ್ಟಿಫಿಕೇಟ್ ಇಲ್ಲದೆಯೂ ವಿಮರ್ಶೆ ಸಾಧ್ಯ.

ಏನು ಬಿಟ್ಟರು ಅನ್ನೋದರ ಜೊತೆ ಹೇಗೆ ಹೊಲಿದರು ಅಂತಲೂ ನೋಡಿ

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ‘ಕಂಪ್ರೆಷನ್’ ಅಂತ ಒಂದು ಪಾಠ ಬರುತ್ತೆ. ದೊಡ್ಡ ಹಾಡಿನ ಫೈಲನ್ನು ಎಂಪಿ3 ಮಾಡುವಾಗ ಸ್ವಲ್ಪ ಮಾಹಿತಿ ಹೋಗೇ ಹೋಗುತ್ತೆ, ವಾಪಸ್ ಬರಲ್ಲ. ಒಳ್ಳೆ ಕಂಪ್ರೆಷನ್ ಅಂದ್ರೆ ಏನೂ ಬಿಡದೇ ಇರೋದಲ್ಲ, ಕಿವಿಗೆ ಮುಖ್ಯವಾದದ್ದನ್ನು ಉಳಿಸಿಕೊಳ್ಳೋದು. ಮೂರು ಕಾದಂಬರಿಯನ್ನು ಒಂದು ಸಿನಿಮಾ ಮಾಡೋದೂ ಹೆಚ್ಚುಕಡಿಮೆ ಇದೇ. ‘ಅದನ್ನು ಬಿಟ್ಟರು, ಇದನ್ನು ಬಿಟ್ಟರು’ ಅಂತ ಪಟ್ಟಿ ಕೊಟ್ಟರೆ ಓದುಗರಿಗೆ ಅರ್ಧ ಮಾಹಿತಿ ಸಿಕ್ಕಿತು. ಉಳಿದದ್ದನ್ನು ಯಾವ ದಾರದಿಂದ ಹೊಲಿದರು ಅಂತ ಹೇಳಿದರೆ ಮಾತ್ರ ಪೂರ್ತಿ.

‘ನಾಗರಹಾವು’ ಸಿನಿಮಾವನ್ನೇ ತೆಗೆದುಕೊಳ್ಳಿ. ಅದು ಎರಡು ಪ್ರೇಮಕಥೆ. ಮೊದಲರ್ಧ ರಾಮಾಚಾರಿ ಮತ್ತು ಅಲಮೇಲು (ಆರತಿ), ಎರಡನೇ ಅರ್ಧ ರಾಮಾಚಾರಿ ಮತ್ತು ಮಾರ್ಗರೆಟ್ (ಶುಭಾ). ಇವೆರಡನ್ನು ಸುಮ್ಮನೆ ಪಕ್ಕಪಕ್ಕ ಇಟ್ಟಿದ್ದರೆ ಇಂಟರ್ವಲ್‌ನಲ್ಲಿ ಸಿನಿಮಾ ಎರಡು ತುಂಡಾಗುತ್ತಿತ್ತು. ಆಗಲಿಲ್ಲ ಯಾಕೆ? ನಡುವೆ ಚಾಮಯ್ಯ ಮೇಷ್ಟ್ರು ಇದ್ದಾರೆ. ಮೊದಲ ಪ್ರೀತಿಯನ್ನು ಬಿಡಿಸಿದವರು ಅವರು. ಎರಡನೇ ಪ್ರೀತಿ ಬೆಟ್ಟದ ತುದಿಗೆ ಬಂದು ನಿಂತಾಗ ಎದುರು ಬರೋರೂ ಅವರೇ. ಮೊದಲ ಕಥೆಯಲ್ಲಿ ಮೇಷ್ಟ್ರ ಮೇಲಿದ್ದ ನಂಬಿಕೆ, ಎರಡನೇ ಕಥೆಯಲ್ಲಿ ಮೇಷ್ಟ್ರ ಮುಂದಿಡುವ ಲೆಕ್ಕ ಆಗುತ್ತೆ. ಕೆ.ಎಸ್. ಅಶ್ವಥ್ ಆ ಪಾತ್ರವನ್ನು ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಮಾಡಿದ್ದಾರೆ ಅಂದ್ರೆ ಹೊಲಿಗೆ ಕಣ್ಣಿಗೆ ಬೀಳೋದೇ ಇಲ್ಲ.

ಇನ್ನು ಓಬವ್ವನ ಹಾಡು. ಜಯಂತಿ ಒನಕೆ ಹಿಡಿದು ನಿಂತ ಆ ದೃಶ್ಯ ರಾಮಾಚಾರಿಯ ಕಥೆಯನ್ನು ಒಂದಿಂಚೂ ಮುಂದೆ ತಳ್ಳಲ್ಲ. ‘ಇದು ಮೂಲದಲ್ಲಿ ಇದೆಯಾ?’ ಅನ್ನೋ ಪ್ರಶ್ನೆಗೆ ನಿಂತುಬಿಟ್ಟರೆ ಅದು ಸುಮ್ಮನೆ ತುರುಕಿದ ಹಾಡು ಅನ್ನಿಸಬಹುದು. ‘ಇದು ಸಿನಿಮಾ ಒಳಗೆ ಏನು ಕೆಲಸ ಮಾಡುತ್ತೆ?’ ಅಂತ ಕೇಳಿ ನೋಡಿ. ಕೋಟೆಯನ್ನು ಬರೀ ಲೊಕೇಶನ್ ಆಗಿ ಬಿಡದೆ ನೆನಪಿರೋ ಜಾಗ ಮಾಡುತ್ತೆ. ಊರನ್ನು ಉಳಿಸೋಕೆ ಒಬ್ಬ ಹೆಣ್ಣು ಕಾದಾಡಿದ ಅದೇ ದುರ್ಗದ ಬಂಡೆಗಳ ನಡುವೆ, ಇನ್ನೊಬ್ಬ ಹೆಣ್ಣಿಗೆ ತನಗಿಷ್ಟ ಬಂದವನ ಜೊತೆ ಬದುಕೋಕೆ ಜಾಗ ಸಿಗಲ್ಲ. ನಿರ್ದೇಶಕರು ಇದನ್ನು ಬೇಕಂತಲೇ ಮಾಡಿದರೋ ಇಲ್ಲವೋ, ತೆರೆಯ ಮೇಲೆ ಆ ಎರಡೂ ಚಿತ್ರ ಇವೆ. ವಿಮರ್ಶಕ ಅದನ್ನು ಗಮನಿಸಿ ಹೇಳಬೇಕು.

ಈ ಹೊಲಿಗೆಗೆ ಬೆಲೆ ತೆತ್ತವರು ಯಾರು?

ಈಗ ಆ ‘ಒಳ್ಳೆ ಮೇಷ್ಟ್ರು’ ವಿಷಯಕ್ಕೆ ಬರೋಣ. ಚಾಮಯ್ಯ ಮೇಷ್ಟ್ರು ಅಂದ ಕೂಡಲೇ ನಮ್ಮ ಕಣ್ಣು ತುಂಬಿ ಬರುತ್ತೆ. ಆದರೆ ಸಿನಿಮಾದಲ್ಲಿ ಅವರು ಮಾಡಿದ್ದೇನು? ಅಲಮೇಲುವಿನ ಅಣ್ಣ ವರದ (ಶಿವರಾಂ), ಜಲೀಲನ ಕಾಟದಿಂದ ತಂಗಿಯನ್ನು ಕಾಪಾಡು ಅಂತ ರಾಮಾಚಾರಿಯನ್ನು ಕೇಳಿಕೊಳ್ಳುತ್ತಾನೆ, ಮದುವೆಯ ಮಾತೂ ಕೊಡುತ್ತಾನೆ, ಆಮೇಲೆ ಮಾತು ತಪ್ಪುತ್ತಾನೆ. ಜಾತಿ ಬೇರೆ. ಆಗ ರಾಮಾಚಾರಿಯ ಮನಸ್ಸು ತಿರುಗಿಸೋ ಶಕ್ತಿ ಇದ್ದದ್ದು ಒಬ್ಬರಿಗೇ. ಮೇಷ್ಟ್ರು ತ್ಯಾಗದ ಮಾತಾಡುತ್ತಾರೆ, ಹುಡುಗ ಕರಗುತ್ತಾನೆ. ಅಲಮೇಲು ಬೇರೆಯವನನ್ನು ಮದುವೆಯಾಗುತ್ತಾಳೆ. ಎಷ್ಟೋ ದಿನದ ಮೇಲೆ ರಾಮಾಚಾರಿಗೆ ಅವಳು ಮತ್ತೆ ಸಿಗೋದು ಗಂಡನೇ ವೇಶ್ಯಾವೃತ್ತಿಗೆ ತಳ್ಳಿದ ಸ್ಥಿತಿಯಲ್ಲಿ.

ಪ್ರೀತಿ ಬಿಟ್ಟ ಹುಡುಗನಿಗೆ ‘ತ್ಯಾಗಿ’ ಅನ್ನೋ ಹೆಸರು ಬಂತು. ಬೆಲೆ ಕಟ್ಟಿದ್ದು ಅಲಮೇಲು, ಅದೂ ಅವಳನ್ನು ಯಾರೂ ಒಂದು ಮಾತು ಕೇಳದೆ. ಎರಡನೇ ಸಲ ಹುಡುಗಿ ಕ್ರಿಶ್ಚಿಯನ್. ಅಲ್ಲಿ ಜಾತಿಯ ಜಾಗಕ್ಕೆ ಧರ್ಮ ಬರುತ್ತೆ, ಸಿನಿಮಾ ಮೂರು ಸಾವಿನಲ್ಲಿ ಮುಗಿಯುತ್ತೆ. ಜಾತಿ ಇಲ್ಲಿ ಮಚ್ಚು ಹಿಡಿದು ಬರಲ್ಲ. ತಲೆ ನೇವರಿಸಿಕೊಂಡು, ‘ನನ್ನ ಮಾತು ನಡೆಸಿಕೊಡ್ತೀಯಲ್ಲಪ್ಪ’ ಅನ್ನೋ ಥರದ ಪ್ರೀತಿಯಲ್ಲಿ ಬರುತ್ತೆ. ಅಂತರ್ಜಾತಿ, ಅಂತರ್‌ಧರ್ಮೀಯ ಮದುವೆ ಅಂದ್ರೆ ಇವತ್ತೂ ಮನೆಗಳಲ್ಲಿ ಏನಾಗುತ್ತೆ ಅಂತ ಗೊತ್ತಿರುವ ನಮ್ಮ ತಲೆಮಾರು ಈ ಸಿನಿಮಾ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆಯೋಕೆ ಆಗಲ್ಲ.

ಆದರೆ ಇಲ್ಲೂ ನ್ಯಾಯ ಬೇಕು. ‘1972ರ ಸಿನಿಮಾ ಜಾತಿವಾದಿ’ ಅಂತ ಒಂದು ಸಾಲು ಎಸೆದು ಹೋಗೋದು ಸುಲಭ. ಸಿನಿಮಾ ಮೇಷ್ಟ್ರನ್ನು ಪೂರ್ತಿ ಮಾಫ್ ಮಾಡಿಲ್ಲ. ಕೊನೆಯಲ್ಲಿ ಅವರ ಸಲಹೆ ಎಂಥ ಫಲ ಕೊಟ್ಟಿತು ಅನ್ನೋದನ್ನು ಅವರ ಮುಖಕ್ಕೇ ಹಿಡಿಯುತ್ತೆ. ಅಷ್ಟಾದರೂ ಪ್ರೇಕ್ಷಕರು ಐವತ್ತು ವರ್ಷದಿಂದ ಮೇಷ್ಟ್ರನ್ನು ಆದರ್ಶ ಅಂತಲೇ ನೆನಪಿಟ್ಟುಕೊಂಡಿದ್ದಾರೆ. ಸಿನಿಮಾ ಹೇಳಿದ್ದು ಒಂದು, ನಾವು ಮನೆಗೆ ತಂದದ್ದು ಇನ್ನೊಂದು. ಇದರಲ್ಲಿ ಸಿನಿಮಾದ ಪಾಲೆಷ್ಟು, ನಮ್ಮ ಪಾಲೆಷ್ಟು ಅಂತ ಬಿಡಿಸಿ ನೋಡೋದು ವಿಮರ್ಶೆಯ ಕೆಲಸ.

ಹಾಗೇ ಜಲೀಲ. ಅಂಬರೀಶ್ ಅನ್ನೋ ಕಾರಣಕ್ಕೆ ನಾವು ಅವನನ್ನು ನೆನಪಿಟ್ಟುಕೊಂಡಿದ್ದೇವೆ. ಅವನು ಈ ಕಥೆಯಲ್ಲಿ ಎದ್ದು ಕಾಣುವ ಮುಸ್ಲಿಂ ಹುಡುಗ, ಅವನಿಗೆ ಸಿಕ್ಕಿರೋ ಕೆಲಸ ಹುಡುಗಿಯನ್ನು ಕಾಡಿಸೋದು. ಮಾರ್ಗರೆಟ್‌ಗೆ ಸಿಕ್ಕ ಮನಸ್ಸು, ಕನಸು ಅವನಿಗೆ ಸಿಗಲ್ಲ. ಸರಣಿಯನ್ನು ಕುಗ್ಗಿಸುವಾಗ ಮೊದಲು ಚಪ್ಪಟೆಯಾಗೋದು ಇಂಥ ಸಣ್ಣ ಪಾತ್ರಗಳೇ. ಯಾರನ್ನು ಚಪ್ಪಟೆ ಮಾಡಿದರು ಅನ್ನೋದು ಯಾವಾಗಲೂ ಆಕಸ್ಮಿಕ ಆಗಿರಲ್ಲ. ಇವತ್ತಿನ ಸಿನಿಮಾಗಳಿಗೂ ಇದೇ ಪ್ರಶ್ನೆ ಕೇಳಿ.

ಹೀರೋನ ನೆರಳು ಮತ್ತು ಅಭಿಮಾನಿಗಳ ಸದ್ದು

2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಥಿಯೇಟರ್‌ಗೆ ಬಂತು. ಆಗ ಶಿಳ್ಳೆ ಹೊಡೆದ ಹುಡುಗರು ನೋಡಿದ್ದು ರಾಮಾಚಾರಿಯನ್ನು ಮಾತ್ರ ಅಲ್ಲ, ಆಮೇಲಿನ ‘ಸಾಹಸಸಿಂಹ’ನನ್ನೂ. 1972ರ ಪ್ರೇಕ್ಷಕರಿಗೆ ಆ ಮುಖ ಹೆಚ್ಚುಕಡಿಮೆ ಹೊಸದು. ಅದೇ ವರ್ಷದ ‘ವಂಶವೃಕ್ಷ’ದಲ್ಲಿ ಒಂದು ಸಣ್ಣ ಪಾತ್ರ ಮಾಡಿದ್ದರು, ಅಷ್ಟೇ. ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿಹಾಕುವ ದೃಶ್ಯ ಆಗ ಒಬ್ಬ ಸಿಟ್ಟಿನ ವಿದ್ಯಾರ್ಥಿಯ ಕೆಲಸವಾಗಿ ಕಂಡಿರುತ್ತೆ. ಈಗ ಅದು ‘ಬಾಸ್ ಎಂಟ್ರಿ’ ಥರ ಕಾಣುತ್ತೆ. 2014ರ ‘ಮಿ. ಅಂಡ್ ಮಿಸೆಸ್ ರಾಮಾಚಾರಿ’ ಕೂಡ ಈ ಅಭಿಮಾನದ ಮೇಲೇ ನಿಂತ ಸಿನಿಮಾ. ಹಳೆಯ ಸಿನಿಮಾ ವಿಮರ್ಶೆ ಮಾಡುವಾಗ ನಂತರ ಬೆಳೆದ ಇಮೇಜನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಹೊಸ ಸಿನಿಮಾಗೂ ಅಷ್ಟೇ: ಪಾತ್ರ ನಟಿಸ್ತಿದೆಯೋ, ಇಮೇಜ್ ನಟಿಸ್ತಿದೆಯೋ?

ಅಭಿಮಾನದ ಇನ್ನೊಂದು ಮುಖ ಫೋನಿನಲ್ಲಿದೆ. ಗುಂಪುಗೂಡಿ ಒಂದು ಸ್ಟಾರ್ ಕೊಡೋದು, ಗುಂಪುಗೂಡಿ ಐದು ಸ್ಟಾರ್ ಕೊಡೋದು, ಎರಡೂ ನಡೀತಿದೆ. 2023ರಲ್ಲಿ ‘ರಿವ್ಯೂ ಬಾಂಬಿಂಗ್’ ವಿಚಾರ ಕೇರಳ ಹೈಕೋರ್ಟ್‌ವರೆಗೂ ಹೋಯಿತು. ವಿಮರ್ಶೆ ಮೇಲೆ ನಿರ್ಬಂಧ ಬೇಕು ಅನ್ನೋ ಕೂಗು ಎದ್ದಾಗ ಅದನ್ನು ವಿರೋಧಿಸಬೇಕು, ನಿಜ. ಆದರೆ ಅದಕ್ಕೆ ನಮ್ಮ ಕೈಯಲ್ಲಿ ಒಂದು ಒಳ್ಳೆ ವಾದ ಇರಬೇಕಲ್ಲ? ಸಿನಿಮಾ ನೋಡಿ, ಕಾರಣ ಕೊಟ್ಟು, ಹೆಸರು ಹಾಕಿ ಬರೆದ ರಿವ್ಯೂಗಿಂತ ಒಳ್ಳೆ ವಾದ ಇನ್ನೊಂದಿಲ್ಲ.

ಒಂದೇ ಭಾಗ ಬಂದಿದ್ದರೆ?

ಈಗಿನ ಟ್ರೆಂಡ್ ಮೂರನ್ನು ಒಂದು ಮಾಡೋದಲ್ಲ, ಒಂದನ್ನು ‘ಚಾಪ್ಟರ್ 1, ಚಾಪ್ಟರ್ 2’ ಮಾಡೋದು. ಕಲ್ಕಿಯವರು 1950ರಿಂದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಪೊನ್ನಿಯಿನ್ ಸೆಲ್ವನ್’ ಐದು ಭಾಗ. ಮಣಿರತ್ನಂ ಅದನ್ನು 2022 ಮತ್ತು 2023ರಲ್ಲಿ ಎರಡು ಸಿನಿಮಾ ಮಾಡಿದರು. ಮೊದಲ ಭಾಗದಲ್ಲಿ ಕಥೆ ಮುಗಿದಿಲ್ಲ ಅಂತ ಬೈಯೋದು ತಪ್ಪು, ಅದು ಮುಗಿಯಬೇಕಾಗಿಯೇ ಇರಲಿಲ್ಲ. ‘ಎರಡನೇ ಭಾಗದಲ್ಲಿ ಎಲ್ಲ ಸರಿಯಾಗುತ್ತೆ’ ಅಂತ ಸಾಲ ಕೊಟ್ಟ ಹಾಗೆ ಮಾರ್ಕ್ಸ್ ಕೊಡೋದೂ ತಪ್ಪು. ಇವತ್ತು ಟಿಕೆಟ್ ಕೊಂಡವನಿಗೆ ಇವತ್ತಿನ ಸಿನಿಮಾದಲ್ಲಿ ಒಂದು ಪೂರ್ತಿ ಅನುಭವ ಸಿಕ್ಕಿತಾ? ಪಾತ್ರಗಳ ಪರಿಚಯ ಓದದವರಿಗೂ ಆಯಿತಾ? ಪ್ರಶ್ನೆ ಇಷ್ಟೇ.

ಬರೆಯುವ ಮುಂಚೆ ಒಂದು ಚೆಕ್‌ಲಿಸ್ಟ್

1. ನೀವು ಮೂಲ ಓದಿದ್ದೀರಾ, ಅರ್ಧ ಓದಿದ್ದೀರಾ, ಓದೇ ಇಲ್ವಾ? ಮೊದಲ ಪ್ಯಾರಾದಲ್ಲೇ ಹೇಳಿ. ಓದದೇ ಇರೋದು ಅಪರಾಧ ಅಲ್ಲ, ಓದಿದ ಹಾಗೆ ಬರೆಯೋದು ಮೋಸ.
2. ಮೂಲ ಓದದ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ. ಅವನಿಗೆ ಎಲ್ಲಿ ಅರ್ಥ ಆಗಲಿಲ್ಲ ಅಂತ ಕೇಳಿ. ಓದಿದವರ ತಲೆ ಖಾಲಿ ಜಾಗಗಳನ್ನು ತಾನೇ ತುಂಬಿಕೊಂಡಿರುತ್ತೆ.
3. ಬದಲಾವಣೆಗಳಲ್ಲಿ ಮುಖ್ಯವಾದ ಎರಡನ್ನೋ ಮೂರನ್ನೋ ಮಾತ್ರ ಎತ್ತಿಕೊಳ್ಳಿ. ಪ್ರತಿಯೊಂದಕ್ಕೂ ‘ಇದರಿಂದ ಸಿನಿಮಾಗೆ ಏನು ಸಿಕ್ಕಿತು, ಏನು ಹೋಯಿತು’ ಅಂತ ಬರೆಯಿರಿ.
4. ‘ಮೂಲಕ್ಕೆ ಎಷ್ಟು ಹತ್ತಿರ’ ಮತ್ತು ‘ಸಿನಿಮಾ ಆಗಿ ಹೇಗಿದೆ’ ಬೇರೆ ಬೇರೆ ಪ್ಯಾರಾ ಇರಲಿ.
5. ಕುಗ್ಗಿಸುವಾಗ ಯಾವ ಜಾತಿ, ಯಾವ ಧರ್ಮ, ಯಾವ ಲಿಂಗದ ಪಾತ್ರಗಳು ತೆಳುವಾದವು ಅಂತ ಒಮ್ಮೆ ಎಣಿಸಿ ನೋಡಿ.
6. ಕ್ಲೈಮ್ಯಾಕ್ಸ್ ಹೇಳಬೇಡಿ, ಸಿನಿಮಾ ಐವತ್ತು ವರ್ಷ ಹಳೆಯದಾಗಿದ್ದರೆ ಪರವಾಗಿಲ್ಲ.

ಮುಂದಿನ ಸಿನಿಮಾ ನಮ್ಮೂರಿನದ್ದಾದರೆ

ತ.ರಾ.ಸು. ಬರೆದ ಇನ್ನೊಂದು ದೊಡ್ಡ ಸರಣಿ ಇದೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ ಚಿತ್ರದುರ್ಗದ ಪಾಳೆಗಾರರ ಕಥೆ. 1984ರಲ್ಲಿ ಅವರು ತೀರಿಕೊಂಡ ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ಯಾನ್ ಇಂಡಿಯಾ ಕಾಲದಲ್ಲಿ ಇಂಥ ಸರಣಿ ಮೇಲೆ ಯಾರದ್ದಾದರೂ ಕಣ್ಣು ಬೀಳೋದು ಕಷ್ಟವೇನಲ್ಲ. ಕೊನೆಯ ದೊರೆ ಮದಕರಿ ನಾಯಕನ ಬಗ್ಗೆ, ಬಿ.ಎಲ್. ವೇಣು ಅವರ ಕಾದಂಬರಿ ಆಧರಿಸಿ ಸಿನಿಮಾ ಘೋಷಣೆಯೂ ಆಗಿತ್ತು. 2018ರಲ್ಲಿ ದರ್ಶನ್, ಸುದೀಪ್ ಇಬ್ಬರ ಹೆಸರಲ್ಲೂ ಮದಕರಿ ಸಿನಿಮಾ ಸುದ್ದಿ ಬಂದಾಗ ಆ ಪಾತ್ರ ಯಾರು ಮಾಡಬೇಕು ಅನ್ನೋದೇ ಜಗಳ ಆಯಿತು. ಕ್ಯಾಮೆರಾ ಆನ್ ಆಗೋ ಮುಂಚೆನೇ ತೀರ್ಪು ಶುರು.

ದುರ್ಗದ ನಾಯಕರು ಮತ್ತು ಸಂತೇಬೆನ್ನೂರು-ತರೀಕೆರೆ ಪಾಳೆಗಾರರು ನೆರೆಹೊರೆಯವರು, ಗಡಿಗಾಗಿ ಕಾದಾಡಿದವರು. ಅಂಥ ಸಿನಿಮಾ ಬಂದರೆ ನಮ್ಮೂರು ಎರಡು ಶಾಟ್‌ನ ‘ಶತ್ರು ಪಾಳೆಯ’ ಆಗಿ ಮುಗಿದುಹೋಗಬಹುದು. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನಡುನೀರಿನ ವಸಂತ ಮಂಟಪ ಡ್ರೋನ್ ಶಾಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಎದುರಿಗೇ ಬಿಜಾಪುರದವರ ಕಾಲದ ಮುಸಾಫಿರ್‌ಖಾನಾ ಕೂಡ ನಿಂತಿದೆ. ಈ ಜಾಗದ ಇತಿಹಾಸದಲ್ಲಿ ಕೆಡವಿದ್ದೂ ಇದೆ, ಕಟ್ಟಿದ್ದೂ ಇದೆ, ಸೇಡೂ ಇದೆ. ಕ್ಯಾಮೆರಾ ಎರಡನ್ನೂ ಒಂದೇ ಫ್ರೇಮಿನಲ್ಲಿ ಇಡುತ್ತಾ, ಒಂದನ್ನು ಕತ್ತರಿಸಿ ಒಂದನ್ನೇ ತೋರಿಸುತ್ತಾ? ಕತ್ತರಿಸಿದರೆ ಯಾರಿಗೆ ಲಾಭ?

ಬೆಂಗಳೂರಿನ ಪ್ರೆಸ್ ಶೋನಲ್ಲಿ ಕೂತವರಿಗೆ ಫ್ರೇಮಿನ ಆಚೆ ಏನಿದೆ ಅಂತ ಗೊತ್ತಾಗಲ್ಲ. ಕೊಳದ ಮೆಟ್ಟಿಲ ಮೇಲೆ ಕೂತು ಬೆಳೆದವರಿಗೆ ಗೊತ್ತಿರುತ್ತೆ. ಆ ರಿವ್ಯೂ ನೀವೇ ಬರೀಬೇಕು.